ಮನಸ್ಸಿನ ಬಗ್ಗೆ ಸರ್ವೆಗೆ ಬಂದ್ರೆ? ಸಹಿ ಹಾಕೋ ಮುಂಚೆ ಇಷ್ಟು ತಿಳಿದಿರಲಿ

ನೀಲಗುಂದ (ಹರಪನಹಳ್ಳಿ ತಾ.): ‘ರಾತ್ರಿ ನಿದ್ದೆ ಬರುತ್ತಾ? ಜೀವನ ಸಾಕು ಅನ್ನಿಸಿದ್ದುಂಟಾ?’ ಫಾರಂ ಹಿಡಿದು ಬಂದವರು ಹೀಗೆ ಕೇಳಿದರೆ ನಮ್ಮ ಕಡೆ ಎಷ್ಟೋ ಮಂದಿ ಕಟ್ಟೆ ಮೇಲೆ ಕೂತೇ ಉತ್ತರ ಹೇಳಿಬಿಡ್ತಾರೆ. ‘ದೊಡ್ಡೋರು ಬಂದಾರೆ, ಇಲ್ಲ ಅನ್ನೋದು ಹೆಂಗ?’ ಅನ್ನೋ ಸಂಕೋಚ. ಸಾಲ, ಕುಡಿತ, ಮನೆ ಜಗಳದ ಮಾತು ಪಕ್ಕದವರ ಕಿವಿಗೂ ಬೀಳುತ್ತದೆ. ಸರ್ವೆಯವರು ಹೋಗ್ತಾರೆ, ಮಾತು ಊರಲ್ಲೇ ಉಳಿಯುತ್ತದೆ.

ಇಂಥ ಅಧ್ಯಯನ ಬೇಡ ಎಂದಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದಾ ಎಂದು 1980ರ ದಶಕದಲ್ಲಿ ನಿಮ್ಹಾನ್ಸ್ ಪ್ರಯೋಗ ಮಾಡಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಆಗ ಹರಪನಹಳ್ಳಿ ತಾಲ್ಲೂಕು ಬಳ್ಳಾರಿಗೇ ಸೇರಿತ್ತು. ಆ ‘ಬಳ್ಳಾರಿ ಮಾದರಿ’ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆದರೆ ಅಧ್ಯಯನ ಮಾಡುವವರಿಗೆ ನಿಯಮಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಮುಖ್ಯ ಅಂಶಗಳು ಇವು:

* ಯಾರು, ಯಾಕೆ ಕೇಳ್ತಿದ್ದಾರೆ, ತೊಂದರೆ ಏನು, ಲಾಭ ಏನು ಎಂದು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ಆಮೇಲೆ ಒಪ್ಪಿಗೆ.
* ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿ ಇರಬೇಕು.
* ಒಪ್ಪಿದ ಮೇಲೂ ನಡುವೆ ನಿಲ್ಲಿಸಬಹುದು. ಅದಕ್ಕಾಗಿ ಸಿಗುತ್ತಿರುವ ಚಿಕಿತ್ಸೆ, ಸೌಲಭ್ಯ ತಪ್ಪಿಸುವಂತಿಲ್ಲ.
* ನಿಮ್ಮ ಹೆಸರು, ಉತ್ತರ ಗುಟ್ಟಾಗಿರಬೇಕು.
* 18 ವರ್ಷದೊಳಗಿನವರಾದರೆ ಸಾಮಾನ್ಯವಾಗಿ ತಂದೆ-ತಾಯಿ ಒಪ್ಪಿಗೆ ಬೇಕು. ಏಳು ವರ್ಷ ದಾಟಿದ ಮಗುವನ್ನೂ ಕೇಳಬೇಕು. ಮೇಷ್ಟ್ರು ‘ಹೂಂ’ ಅಂದರೆ ಸಾಲದು.
* ಶುರು ಮಾಡುವ ಮುಂಚೆ ನೈತಿಕ ಸಮಿತಿಯ ಅನುಮತಿ ಪಡೆದಿರಬೇಕು.

ಮಾನಸಿಕ ಕಾಯಿಲೆ ಇರುವವರಿಗೆ ಕಾನೂನಿನ ರಕ್ಷಣೆಯೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 99ನೇ ಸೆಕ್ಷನ್ ಪ್ರಕಾರ, ಔಷಧ ಪ್ರಯೋಗಕ್ಕೆ ಮಾತ್ರವಲ್ಲ, ಸಂಶೋಧನೆಗಾಗಿ ಬರೀ ಸಂದರ್ಶನ ಮಾಡಲೂ ಅವರ ಒಪ್ಪಿಗೆ ಬೇಕು.

ಜನಗಣತಿ ವಿಷಯ ಬೇರೆ. ಅದಕ್ಕೆ ಉತ್ತರಿಸುವುದು ಕಾನೂನು. ಸಂಶೋಧನೆಯ ಸರ್ವೆಗೆ ಉತ್ತರಿಸುವುದು ನಿಮ್ಮ ಇಷ್ಟ.

ಹಾಗಾಗಿ ಫಾರಂ ಹಿಡಿದು ಬಂದವರಿಗೆ ನೀರು ಕೊಡಿ, ಕೂರಿಸಿ. ‘ಅನುಮತಿ ಪತ್ರ ತೋರಿಸ್ರಿ, ಒಳಗೆ ಕೂತು ಮಾತಾಡೋಣ, ಒಪ್ಪಿಗೆ ಪತ್ರದ ಒಂದು ಪ್ರತಿ ನನಗೂ ಕೊಡ್ರಿ’ ಅನ್ನಿ. ಸರಿಯಾದ ಸಂಶೋಧಕರು ಇದಕ್ಕೆ ಬೇಸರ ಮಾಡಿಕೊಳ್ಳಲ್ಲ.

ಪ್ರಶ್ನೆ ಕೇಳಿ ಮನಸ್ಸು ಕಲಕಿದರೆ ಅಲ್ಲೇ ನಿಲ್ಲಿಸಿ. ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.