ಯುದ್ಧಕ್ಕೆ ಹೋಗಿ ಬಂದ ನಮ್ಮ ಸೋದರತ್ತಿ

2016ರ ಫೆಬ್ರುವರಿಯಲ್ಲಿ ಧಾರವಾಡ ಜಿಲ್ಲೆಯ ಯಾವ ಊರಿಗೆ ಹೋದರೂ ಒಂದೇ ಮಾತು. ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಸಿಯಾಚಿನ್‌ನಲ್ಲಿ ಕುಸಿದ ಹಿಮದಡಿ ಆರು ದಿನ ಹುದುಗಿದ್ದು ಜೀವಂತ ಸಿಕ್ಕಿದ್ದರು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರಿಗೆ ಪ್ರಜ್ಞೆ ಇರಲಿಲ್ಲ. ಶಲವಡಿಯ ನಮ್ಮ ಮನೆಯಲ್ಲೂ ಟಿವಿ ಆರಲಿಲ್ಲ. ವೈದ್ಯರ ಪ್ರಕಟಣೆ, ಗಣ್ಯರ ಭೇಟಿ, ಗುಡಿ ಗುಡಿಗಳಲ್ಲಿ ಪೂಜೆ. ಗೋಡೆಗೆ ಆತು ಕೂತಿದ್ದ ನಮ್ಮ ಸೋದರತ್ತಿ ಒಂದೇ ಮಾತು ಕೇಳಿದಳು: “ರಾತ್ರಿ ಅವನ ಮಗ್ಗಲಾ ಹೊಳ್ಳಸಾಕತ್ತಾರ ಯಾರು, ಅದನ್ನ ಯಾರೂ ಹೇಳವಲ್ರಲ್ಲ?”

ಪ್ರಜ್ಞೆ ತಪ್ಪಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹಾಸಿಗೆ ಹುಣ್ಣಾಗುತ್ತದೆ. ಅತ್ತಿಗೆ ಅದು ಚೆನ್ನಾಗಿ ಗೊತ್ತಿತ್ತು. ಫೆಬ್ರುವರಿ 11ಕ್ಕೆ ಹನುಮಂತಪ್ಪ ತೀರಿಕೊಂಡ ಸುದ್ದಿ ಬಂದಾಗ ಆಕೆ ಎದ್ದು ಹಿತ್ತಲಿಗೆ ಹೋದಳು. ಅಂದು ಉಣ್ಣಲಿಲ್ಲ.

ಅತ್ತಿ ಈಗಿಲ್ಲ. 1971ರ ಯುದ್ಧದಲ್ಲಿ ಆಕೆ ಸೇನೆಯ ನರ್ಸ್ ಆಗಿದ್ದಳು, ಲೆಫ್ಟಿನೆಂಟ್ ದರ್ಜೆಯ ಅಧಿಕಾರಿ. ಎರಿ ಭೂಮಿಯ ಹತ್ತಿ, ಕಡಲಿ ಬೆಳೆಯುವ ಮನೆತನದ ಹುಡುಗಿ ಬೆಟಗೇರಿಗೆ ಹೋಗಿ, ಬಾಸೆಲ್ ಮಿಷನ್ನಿನವರು ಕಟ್ಟಿದ, ಜನ ‘ಜರ್ಮನ್ ದವಾಖಾನಿ’ ಅನ್ನುವ ಆಸ್ಪತ್ರೆಯಲ್ಲಿ ಕೆಲಸ ಕಲಿತದ್ದೇ ಊರಿಗೆ ದೊಡ್ಡ ಸುದ್ದಿ. ಕಂಡವರ ಹೇಲು ಉಚ್ಚಿ ಬಳಿಯುವ ಕೆಲಸ ಅಂದವರು ಬಹಳ. ನಮ್ಮ ಆಯಿ ಮಗಳ ಸಂಗಡ ಮಾತು ಬಿಟ್ಟಳಂತೆ. ಅಜ್ಜ ಮಾತ್ರ ಅಣ್ಣಿಗೇರಿಗೆ ಬಂದು ರೈಲು ಹತ್ತಿಸಿದ.

ಯುದ್ಧ ನಡೆದದ್ದು ಡಿಸೆಂಬರ್ 3ರಿಂದ 16ರವರೆಗೆ. ಓದಿದವರಿಗೆ ಅದು ಹದಿಮೂರು ದಿನದ ಕಥೆ. ಪುಣೆಯ ಸೇನಾ ಆಸ್ಪತ್ರೆಯಲ್ಲಿದ್ದ ಅತ್ತಿಗೆ ಅದು ವರ್ಷವಾದರೂ ಮುಗಿಯಲಿಲ್ಲ. ಪಶ್ಚಿಮ ಗಡಿಯ ಶಕರ್‌ಗಢದ ಕಡೆ ನೆಲಬಾಂಬ್ ಹುಗಿದ ಬಯಲುಗಳಲ್ಲಿ ಕಾಲು ಕಳೆದುಕೊಂಡವರು ಎಷ್ಟೋ ಮಂದಿ. ಅಂಥವರಿಗೆ ಹೊಸ ಕಾಲು ಕೊಡುವ ಕೃತಕ ಅಂಗ ಕೇಂದ್ರ 1944ರಿಂದ ಪುಣೆಯಲ್ಲೇ ಇದೆ. ತನ್ನ ನುಚ್ಚಾದ ಕಾಲನ್ನು ತನ್ನದೇ ಖುಕ್ರಿಯಿಂದ ಕತ್ತರಿಸಿಕೊಂಡ ಗೂರ್ಖಾ ಪಡೆಯ ಮೇಜರ್ ಇಯಾನ್ ಕಾರ್ಡೋಜೊ ಹೆಸರು ಎಲ್ಲರಿಗೂ ಗೊತ್ತು. ಅತ್ತಿ ಹೇಳುತ್ತಿದ್ದದ್ದು ಹೆಸರು ಗೊತ್ತಿಲ್ಲದವರ ವಿಷಯ.

ಯುದ್ಧದ ಗಾಯವನ್ನು ಬಂದ ಕೂಡಲೇ ಹೊಲಿಯುವುದಿಲ್ಲ, ಇದು ಆಕೆಯಿಂದ ನಾನು ತಿಳಿದದ್ದು. ಮಣ್ಣು, ಬೂಟಿನ ಚೂರು, ಬಟ್ಟೆಯ ಎಳೆ ಒಳಗೆ ಹೊಕ್ಕಿರುತ್ತವೆ. ಸತ್ತ ಮಾಂಸ ತೆಗೆದು, ಗಾಯ ತೆರೆದೇ ಇಟ್ಟು, ನಾಲ್ಕೈದು ದಿನ ಬಿಟ್ಟು, ಕೀವಿಲ್ಲವೆಂದು ಖಾತ್ರಿಯಾದ ಮೇಲೆ ಹೊಲಿಗೆ. ಅವಸರಪಟ್ಟು ಮುಚ್ಚಿದರೆ ಗಾಳಿಯಿಲ್ಲದ ಜಾಗದಲ್ಲಿ ಬೆಳೆಯುವ ಗ್ಯಾಸ್ ಗ್ಯಾಂಗ್ರಿನ್ ಕಾಲನ್ನಷ್ಟೇ ಅಲ್ಲ, ಜೀವವನ್ನೇ ಒಯ್ಯುತ್ತದೆ. ಆ ನಾಲ್ಕೈದು ದಿನ ಗಾಯ ನೋಡುವವಳು, ವಾಸನೆಯಿಂದಲೇ ಅದರ ಗತಿ ಹೇಳುವವಳು ನರ್ಸ್. ನಿವೃತ್ತಿಯಾಗಿ ಊರಿಗೆ ಬಂದ ಮೇಲೂ ಕುಡುಗೋಲು ತಾಗಿದವರು ಗಾಯಕ್ಕೆ ಸುಣ್ಣ, ತಂಬಾಕು ಒತ್ತಿಕೊಂಡು ಬಂದರೆ ಅತ್ತಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಕಾಯಿಸಿ ಆರಿಸಿದ ನೀರಿನಿಂದ ತೊಳೆದು, ಧನುರ್ವಾಯುವಿನ ಸೂಜಿ ಮಾಡಿಸಲು ಓಡಿಸುತ್ತಿದ್ದಳು.

ವಾರ್ಡಿನಲ್ಲಿ ನಮ್ಮ ಸೀಮೆಯ ಒಬ್ಬ ಜವಾನನಿದ್ದನಂತೆ. ಸಿಸ್ಟರ್ ಕನ್ನಡದವಳೆಂದು ತಿಳಿದ ಮೇಲೆ ಅವನಿಗೆ ಆಕೆ ‘ಅಕ್ಕಾರ’. ಒಂದು ರಾತ್ರಿ ಅವನು, “ಅಕ್ಕಾರ, ಎಡಗಾಲಿನ ಬಟ್ಟು ಭಾಳ ಕೆರೀತಾವ್ರಿ” ಅಂದ. ಎಡಗಾಲು ಮೊಣಕಾಲಿನಿಂದ ಕೆಳಗೆ ಇರಲಿಲ್ಲ. ಕತ್ತರಿಸಿದ ಅಂಗ ಇನ್ನೂ ಇದ್ದಂತೆ ನರಗಳು ಮಿದುಳಿಗೆ ಹೇಳುತ್ತಲೇ ಇರುತ್ತವೆ ಎಂಬುದು ವೈದ್ಯಶಾಸ್ತ್ರಕ್ಕೆ ಗೊತ್ತಿರುವ ಸಂಗತಿ. ಅತ್ತಿ ಅದನ್ನು ನನಗೆ ಹೇಳಿದ್ದು ಹೀಗೆ: “ಕಾಲ ಹೋಗಿರತೈತಿ, ಸುದ್ದಿ ಇನ್ನೂ ಮೈಗೆ ಮುಟ್ಟಿರಂಗಿಲ್ಲ.” ಅವನಿಗೆ ಕಾಲಿಲ್ಲ ಅಂತ ಆಕೆ ನೆನಪು ಮಾಡಲಿಲ್ಲ. ಉಳಿದ ಮೊಣಕಾಲಿನ ಮೇಲೆ ಕೈಯಾಡಿಸುತ್ತ ಕೂತಳು. ಮರುದಿನ ಅವನ ಅವ್ವನಿಗೆ ಇನ್‌ಲ್ಯಾಂಡ್ ಪತ್ರ ಬರೆದದ್ದೂ ಆಕೆಯೇ; ಅವನು ಹೇಳಿದಂತೆ ‘ಸಣ್ಣ ಪೆಟ್ಟು’ ಎಂದೇ ಬರೆದಳು. ಆ ಎರಡು ಪದ ಆಕೆಯನ್ನು ಕೊನೆತನಕ ಕಾಡಿದವು.

ಸೇನೆಯ ನರ್ಸಿಂಗ್ ಸೇವೆ ತೀರಾ ಹಳೆಯದು. 1888ರಲ್ಲಿ ಬ್ರಿಟನ್ನಿನಿಂದ ಹತ್ತು ನರ್ಸ್‌ಗಳು ಮುಂಬೈಗೆ ಬಂದಿಳಿದಾಗ ಶುರುವಾದದ್ದು. ಭಾರತೀಯ ಸೈನಿಕರಿಗಾಗಿ ಕಾಯಂ ಸೇವೆ ಆದದ್ದು 1926ರಲ್ಲಿ. 1943ರ ಸುಗ್ರೀವಾಜ್ಞೆ ಅವರಿಗೆ ಅಧಿಕಾರಿ ದರ್ಜೆ ಕೊಟ್ಟಿತು. 1976ರಲ್ಲಿ ಮೇಜರ್ ಜನರಲ್ ಆದ ಗರ್ಟ್ರೂಡ್ ಆಲಿಸ್ ರಾಮ್ ಆ ದರ್ಜೆಗೇರಿದ ಭಾರತದ ಮೊದಲ ಮಹಿಳೆ, ಅವರೂ ನರ್ಸೇ. ಇಷ್ಟಾದರೂ ಆಗಸ್ಟ್ 15ಕ್ಕೆ ಮಾಜಿ ಸೈನಿಕರಿಗೆ ಶಾಲು ಹೊದಿಸುವ ಪಟ್ಟಿ ಮಾಡುವವರಿಗೆ ನಮ್ಮ ಅತ್ತಿ ನೆನಪಾಗುತ್ತಿರಲಿಲ್ಲ. ಆಕೆಗೆ ಸೆಲ್ಯೂಟ್ ಹೊಡೆದಿದ್ದ ಜವಾನರಿಗೆ ಹಾರ ಬೀಳುವಾಗ ಆಕೆ ಹೆಂಗಸರ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಆಕೆಗೆ ಬೇಸರವಿತ್ತೋ ಇಲ್ಲವೋ, ನನಗಿದೆ.

ಇನ್ನೊಂದು ಬೆಲೆಯನ್ನೂ ಆಕೆ ತೆತ್ತಳು. ನರಗುಂದದ ಕಡೆಯ ಒಳ್ಳೆಯ ಸಂಬಂಧವೊಂದನ್ನು ಬಿಟ್ಟುಕೊಟ್ಟಳು, ಲಗ್ನವಾದರೆ ಕೆಲಸ ಉಳಿಯದೆಂದು. ಮದುವೆಯಾದ ನರ್ಸ್ ಅಧಿಕಾರಿಯನ್ನು ಸೇವೆಯಿಂದ ತೆಗೆಯಬಹುದೆಂಬ ನಿಯಮ 1977ರ ಸೇನಾ ಆದೇಶದಲ್ಲೂ ಇತ್ತು, ಹಿಂತೆಗೆದದ್ದು 1995ರಲ್ಲಿ. ಮದುವೆಯಾದ ಕಾರಣಕ್ಕೆ 1988ರಲ್ಲಿ ಕೆಲಸ ಕಳೆದುಕೊಂಡ ಲೆಫ್ಟಿನೆಂಟ್ ಸೆಲಿನಾ ಜಾನ್ ದಶಕಗಳ ಕಾಲ ಹೋರಾಡಿದರು. 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಇದು ಲಿಂಗ ತಾರತಮ್ಯ ಎಂದು ಹೇಳಿ ಅವರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆ ಸುದ್ದಿ ಓದಿ ಹೇಳಲು ಮನೆಯಲ್ಲಿ ಅತ್ತಿ ಇರಲಿಲ್ಲ.

ಈಗ ದಾರಿ ತೆರೆದಿದೆ. ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆಯಲ್ಲೇ ನರ್ಸಿಂಗ್ ಕಾಲೇಜಿದೆ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿದ ಹುಡುಗಿ ನೀಟ್ ಬರೆದು, ಸೇನೆಯ ಆಯ್ಕೆಯಲ್ಲಿ ಗೆದ್ದರೆ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಮುಗಿಸಿ ಲೆಫ್ಟಿನೆಂಟ್ ಆಗಿ ಹೊರಬರುತ್ತಾಳೆ. ನವಲಗುಂದ, ಅಣ್ಣಿಗೇರಿಯ ಕಾಲೇಜುಗಳಲ್ಲಿ ಸೇನೆ ಸೇರುವ ಬಗ್ಗೆ ಹುಡುಗರಿಗೆ ಹೇಳುವ ದಿನ ವಿಜ್ಞಾನ ವಿಭಾಗದ ಹುಡುಗಿಯರನ್ನೂ ಮುಂದಿನ ಸಾಲಿಗೆ ಕರೆದು ಇಷ್ಟನ್ನು ಹೇಳಿ.