ಕಾಲಿಗೇರದ ಜೋಡು

ದೇವನಹಳ್ಳಿ, ಹೊಸಕೋಟೆ ಕಡೆಯ ಕಾಲೇಜು ಹುಡುಗರು ಬಟ್ಟೆ ಸಾದಾ ಇದ್ದರೂ ಶೂ ವಿಷಯದಲ್ಲಿ ರಾಜಿಯಾಗುವುದಿಲ್ಲ. ಹಾಕಿಕೊಂಡು ಮೆರೆಯುವವರದ್ದು ಒಂದು ಲೋಕ. ಕೊಂಡ ಶೂವನ್ನು ಡಬ್ಬಿಯಿಂದ ಆಚೆಗೇ ತೆಗೆಯದೆ ಜೋಪಾನವಾಗಿಟ್ಟು, ಬೆಲೆ ಏರಿದಾಗ ಮಾರುವವರದ್ದು ಇನ್ನೊಂದು. ಸ್ನೀಕರ್ ರೀಸೆಲ್ ಎಂಬ ಈ ಎರಡನೆಯ ಲೋಕಕ್ಕೆ ನಾನು ಹೊರಗಿನವನು. ಆದರೆ ದೊಡ್ಡಬಳ್ಳಾಪುರ ತಾಲ್ಲೂಕಿನವನು, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನೋಡುತ್ತ ಬೆಳೆದವನು. ಹಾಗಾಗಿ ಈ ವ್ಯಾಪಾರದಲ್ಲಿ ಗುರುತು ಸಿಗುವಂಥದ್ದು ನನಗೆ ಬಹಳಷ್ಟು ಕಂಡಿತು.

ಇದೆಲ್ಲ ಬಲಿತದ್ದು 1985ರಿಂದೀಚೆಗೆ. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ಹೆಸರಿನಲ್ಲಿ ನೈಕಿ ಕಂಪನಿ ಆ ವರ್ಷ ಏರ್ ಜೋರ್ಡನ್ 1 ಶೂವನ್ನು 65 ಡಾಲರಿಗೆ ಮಾರಾಟಕ್ಕಿಟ್ಟಿತು. ಕೆಂಪು-ಕಪ್ಪು ಶೂ ಹಾಕಿ ಆಡುವಂತಿಲ್ಲ ಎಂದು ಅಲ್ಲಿನ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತಕರಾರು ತೆಗೆದರೆ, ಕಂಪನಿ ಆ ತಕರಾರನ್ನೇ ಜಾಹೀರಾತು ಮಾಡಿಕೊಂಡಿತು. ಮೊದಲ ವರ್ಷದ ವ್ಯಾಪಾರವೇ 12.6 ಕೋಟಿ ಡಾಲರ್. 2005ರಲ್ಲಿ ವಿನ್ಯಾಸಕಾರ ಜೆಫ್ ಸ್ಟೇಪಲ್ ಹಿಮ್ಮಡಿಯ ಮೇಲೆ ಪಾರಿವಾಳದ ಚಿತ್ರವಿದ್ದ ಶೂಗಳನ್ನು ಬಹಳ ಕಡಿಮೆ ಸಂಖ್ಯೆಯಲ್ಲಿ ಮಾಡಿಸಿ ಮಾರಾಟಕ್ಕಿಟ್ಟಾಗ, ನ್ಯೂಯಾರ್ಕಿನ ಅಂಗಡಿಯ ಮುಂದೆ ನೂಕುನುಗ್ಗಲಾಗಿ ಪೊಲೀಸರು ಬರಬೇಕಾಯಿತು. 2023ರ ಸದಬೀಸ್ ಹರಾಜಿನಲ್ಲಿ ಜೋರ್ಡನ್ ಸ್ವತಃ ಹಾಕಿ ಆಡಿದ್ದ ಒಂದು ಜೊತೆ 22 ಲಕ್ಷ ಡಾಲರಿಗೆ ಹೋಯಿತು.

ವ್ಯಾಪಾರದ ಗುಟ್ಟು ಇರುವುದು ಕೊರತೆಯಲ್ಲಿ. ಆ ಕೊರತೆಯನ್ನು ಕಂಪನಿಯೇ ಲೆಕ್ಕ ಹಾಕಿ ಹುಟ್ಟಿಸುತ್ತದೆ. ಇಂಥ ದಿನ, ಇಷ್ಟು ಗಂಟೆಗೆ ಶೂ ಬರುತ್ತದೆ ಎಂದು ಮೊದಲೇ ಸಾರುತ್ತಾರೆ. ಅದಕ್ಕೆ ಡ್ರಾಪ್ ಎನ್ನುತ್ತಾರೆ. ಬೇಕಾದವರು ಮೊಬೈಲಿನಲ್ಲಿ ಹೆಸರು ಕೊಟ್ಟು ಲಾಟರಿಗೆ ಕಾಯಬೇಕು. ಲಾಟರಿ ಹೊಡೆದವರಿಗೆ ಅಂಗಡಿ ಬೆಲೆಗೆ ಶೂ. ಉಳಿದವರು ಅವರ ಹತ್ತಿರ ಅವರು ಹೇಳಿದ ಬೆಲೆಗೆ ಕೊಳ್ಳಬೇಕು. 2019ರಲ್ಲಿ ಗಾಯಕ ಟ್ರಾವಿಸ್ ಸ್ಕಾಟ್ ಹೆಸರಿನಲ್ಲಿ ಬಂದ ಜೋರ್ಡನ್ 1ರ ಅಂಗಡಿ ಬೆಲೆ 175 ಡಾಲರ್. ನೈಕಿಯ ಗುರುತನ್ನು ಅದರಲ್ಲಿ ಉಲ್ಟಾ ಹೊಲಿದಿದ್ದರು, ಅಷ್ಟೇ ವಿಶೇಷ. ಹೊರಗೆ ಅದು ಸಾವಿರ ಡಾಲರ್ ದಾಟಿತು. ನೈಕಿಯದೇ ಕಪ್ಪು-ಬಿಳುಪಿನ ಪಾಂಡಾ ಡಂಕ್ ಶೂವಿನ ಕಥೆ ಇದಕ್ಕೆ ತದ್ವಿರುದ್ಧ. 2021ರಲ್ಲಿ ಅದನ್ನು ಕೊಳ್ಳಲು ಜನ ಮುಗಿಬಿದ್ದರು. ಕಂಪನಿ ಮತ್ತೆ ಮತ್ತೆ ತಯಾರಿಸಿ ಬಿಟ್ಟಿದ್ದೇ ತಡ, ದಾಸ್ತಾನು ಇಟ್ಟುಕೊಂಡಿದ್ದವರ ಲಾಭ ಕರಗಿಹೋಯಿತು. ಸಾಲ ಮಾಡಿ ಈ ವ್ಯಾಪಾರಕ್ಕೆ ಇಳಿಯಬೇಕೆನ್ನುವ ಹುಡುಗರು ಈ ಎರಡನೆಯ ಕಥೆಯನ್ನು ಮೊದಲು ಓದಬೇಕು.

ಅಸಲಿ ಕಸುಬು ಎಂದರೆ ಪರೀಕ್ಷೆ. ಚೀನಾದ ಪುಟಿಯನ್ ನಗರದ ನಕಲಿ ಶೂಗಳು ಪಳಗಿದ ಕಣ್ಣಿಗೂ ಮಣ್ಣೆರಚುವಷ್ಟು ಚೆನ್ನಾಗಿರುತ್ತವೆ. ಲೆಜಿಟ್ ಚೆಕ್, ಅಂದರೆ ಅಸಲಿಯೋ ನಕಲಿಯೋ ಎಂಬ ಪರೀಕ್ಷೆ, ಮಾಡುವವರು ಮೊದಲು ಡಬ್ಬಿಯ ಚೀಟಿ ಓದುತ್ತಾರೆ. ಅದರಲ್ಲಿರುವ ಮಾದರಿ ಸಂಖ್ಯೆ, ಶೂ ಒಳಗಿನ ಪುಟ್ಟ ಪಟ್ಟಿಯ ಸಂಖ್ಯೆ ಎರಡೂ ಒಂದೇ ಇರಬೇಕು. ತಯಾರಾದ ತಾರೀಖು ಮಾರುಕಟ್ಟೆಗೆ ಬಂದ ಕಾಲಕ್ಕೆ ಹೊಂದಬೇಕು. ಆಮೇಲೆ ಹೊಲಿಗೆ: ಕಣ್ಣುಗಳು ಸಮವಾಗಿವೆಯೇ, ಎಲ್ಲಾದರೂ ದಾರ ಎದ್ದಿದೆಯೇ? ಒಳಹಾಸು ಎತ್ತಿ ಅಡಿಯ ಹೊಲಿಗೆ ನೋಡುತ್ತಾರೆ. ಮೂಗಿನ ಹತ್ತಿರ ಹಿಡಿದು ಅಂಟಿನ ವಾಸನೆ ನೋಡುತ್ತಾರೆ. ಕತ್ತಲಲ್ಲಿ ನೇರಳಾತೀತ ದೀಪ ಬಿಟ್ಟರೆ ಹಗಲಲ್ಲಿ ಕಾಣದ ಅಂಟಿನ ಕಲೆ, ಗೆರೆ ಎಳೆದ ಗುರುತು ಹೊಳೆದು ಕಾಣುತ್ತವೆ.

ಘಾಟಿಯಲ್ಲಿ ಹಳ್ಳಿಕಾರ್ ಜೋಡಿ ಕೊಳ್ಳುವ ರೈತನೂ ಹೀಗೆಯೇ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಮೈಮೇಲೆ ಕೆಟ್ಟ ಸುಳಿ ಇದೆಯೇ ಎಂದು ಹುಡುಕುತ್ತಾನೆ, ಎರಡರ ಬಣ್ಣ, ಕೊಂಬು, ನಡಿಗೆ ಹೊಂದುತ್ತವೆಯೇ ಎಂದು ನಡೆಸಿ ನೋಡುತ್ತಾನೆ. ಲಕ್ಷಗಟ್ಟಲೆ ಬೆಲೆಯ ಎಷ್ಟೋ ಜೋಡಿಗಳು ನೇಗಿಲ ಮುಖ ಕಂಡಿರುವುದಿಲ್ಲ. ಹುರುಳಿ, ಹಿಂಡಿ ತಿನ್ನಿಸಿ, ಕೊಂಬು ಹೆರೆದು, ಜಾತ್ರೆಗೆಂದೇ ಸಾಕಿದ ಹೋರಿಗಳು ಅವು. ಆದ್ದರಿಂದ ಬಳಸದ ವಸ್ತುವಿಗೆ ಯಾಕಿಷ್ಟು ಬೆಲೆ ಎಂಬ ಪ್ರಶ್ನೆ ನಮ್ಮ ಕಡೆಯವರ ಬಾಯಲ್ಲಿ ಬರಬಾರದು. ವ್ಯತ್ಯಾಸ ಇರುವುದು ದರ ಕಟ್ಟುವುದರಲ್ಲಿ. ಜಾತ್ರೆಯಲ್ಲಿ ದಲ್ಲಾಳಿ ಟವೆಲ್ ಅಡಿಯಲ್ಲಿ ಬೆರಳು ಹಿಡಿದು ಹೇಳುವ ದರ ಮೂರನೆಯವರಿಗೆ ತಿಳಿಯದು. 2016ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಶುರುವಾದ ಸ್ಟಾಕ್‌ಎಕ್ಸ್ ಎಂಬ ಆನ್‌ಲೈನ್ ಮಾರುಕಟ್ಟೆ ಒಂದೊಂದು ಅಳತೆಯ ಶೂ ದರವನ್ನೂ ಷೇರುಪೇಟೆಯ ಹಾಗೆ ಎಲ್ಲರ ಮುಂದೆ ಇಟ್ಟಿತು. ದಲ್ಲಾಳಿ ಹೋದರೂ ದಲ್ಲಾಳಿ ಕಮಿಷನ್ ಹೋಗಲಿಲ್ಲ. ತಾನೇ ಪರೀಕ್ಷಿಸಿ ಕಳಿಸುತ್ತೇನೆ ಎನ್ನುತ್ತಿದ್ದ ಆ ಸಂಸ್ಥೆಯ ಮೂಲಕವೂ ನಕಲಿ ಮಾಲು ಬಂದಿದೆ ಎಂದು ನೈಕಿ ಆಮೇಲೆ ಕೋರ್ಟಿಗೆ ಹೋಯಿತು.

ನಮ್ಮ ದೇಶದಲ್ಲಿ ಈ ಸ್ನೀಕರ್ ಲೋಕಕ್ಕೆ ಅಂಗಡಿಯ ರೂಪ ಬಂದದ್ದು ಸುಮಾರು ಹತ್ತು ವರ್ಷದಿಂದೀಚೆಗೆ: ದೆಹಲಿಯ ವೆಜ್‌ನಾನ್‌ವೆಜ್, ಮುಂಬೈಯ ಮೇನ್‌ಸ್ಟ್ರೀಟ್ ಮಾರ್ಕೆಟ್‌ಪ್ಲೇಸ್. ಬೆಂಗಳೂರಿನದೇ ಆದ ಕಾಮೆಟ್ ಕಂಪನಿ ಇಲ್ಲಿಯವರಿಗಾಗಿ ಸ್ನೀಕರ್ ಮಾಡಿ ಡ್ರಾಪ್ ಪದ್ಧತಿಯಲ್ಲೇ ಮಾರುತ್ತಿದೆ.

ಚಪ್ಪಲಿಗೆ ಇಷ್ಟು ದುಡ್ಡೇ ಎಂದು ಮೂಗು ಮುರಿಯುವುದು ಸುಲಭ. ನನಗೆ ಆ ಮಾತು ಆಡಲು ಮನಸ್ಸು ಬರುವುದಿಲ್ಲ. ಮೇಲ್ಜಾತಿಯವರ ಕೇರಿ ಬಂದ ಕೂಡಲೇ ದಲಿತರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಿದ್ದ ನಾಡು ಇದು. ಅಂಥ ಮನೆಯ ಮೊಮ್ಮಗ ತನ್ನ ದುಡಿಮೆಯ ದುಡ್ಡಿನಲ್ಲಿ ಬೆಳ್ಳಗೆ ಹೊಳೆಯುವ ಶೂ ಕೊಂಡು ಊರ ನಡುವೆ ನಡೆದರೆ ಅದನ್ನು ಶೋಕಿ ಎಂದು ಕರೆಯಲಾರೆ. ಅಮೆರಿಕದಲ್ಲೂ ಸ್ನೀಕರಿಗೆ ಮಾನ ತಂದವರಲ್ಲಿ ಮೊದಲಿಗರು ನಗರಗಳ ಬಡ ಕೇರಿಗಳ ಕಪ್ಪು ಹುಡುಗರು. ಇನ್ನು, ಮೆಟ್ಟಲು ಮನಸ್ಸಾಗದಷ್ಟು ಅಮೂಲ್ಯವಾದ ಜೋಡಿನ ಕಥೆ ಕನ್ನಡಿಗರಿಗೆ ಶತಮಾನಗಳಿಂದ ಗೊತ್ತು. ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಹೊಲಿದು ತಂದಾಗ ಬಸವಣ್ಣ ಅವನ್ನು ತಲೆಯ ಮೇಲಿಟ್ಟುಕೊಂಡರಂತೆ. ಅಲ್ಲಿ ಬೆಲೆ ಇದ್ದದ್ದು ಹೊಲಿದವರ ಕೈಗೆ. ರೀಸೆಲ್ ಲೋಕದ ಬಗ್ಗೆ ನನ್ನ ತಕರಾರು ಇರುವುದೂ ಅಲ್ಲಿಯೇ. ಸಾವಿರದ್ದು ಲಕ್ಷವಾದರೂ ವಿಯೆಟ್ನಾಮಿನಲ್ಲೋ ಇಂಡೋನೇಷ್ಯಾದಲ್ಲೋ ಕೂತು ಹೊಲಿದ ಹೆಂಗಸಿಗೆ ಅದರಲ್ಲಿ ಬಿಡಿಗಾಸೂ ಇಲ್ಲ.

ಕೂಡಿಡುವವರಿಗೆ ನಕಲಿಗಿಂತ ದೊಡ್ಡ ಶತ್ರು ತೇವ. ಅನೇಕ ಶೂಗಳ ನಡುಅಟ್ಟೆ ಪಾಲಿಯುರೇಥೇನ್ ಎಂಬ ನೊರೆಯಂಥ ವಸ್ತುವಿನದು. ಗಾಳಿಯ ತೇವ ಹೀರಿ ಅದರ ಅಣುಗಳ ಬೆಸುಗೆ ನಿಧಾನವಾಗಿ ಬಿಡುತ್ತದೆ; ಇದು ಹೈಡ್ರಾಲಿಸಿಸ್. 1988, 1989ರ ಮೂಲ ಜೋರ್ಡನ್ 3, ಜೋರ್ಡನ್ 4 ಶೂಗಳನ್ನು ಯಾರೂ ಹಾಕದೆ ಇಟ್ಟಿದ್ದರೂ ಇಂದು ಕಾಲಿಟ್ಟರೆ ಅಟ್ಟೆ ರೊಟ್ಟಿಯ ಹಾಗೆ ಮುರಿದು ಪುಡಿಯಾಗುತ್ತದೆ. ತೇವ ಹೀರುವ ಸಿಲಿಕಾ ಪೊಟ್ಟಣ ಇಟ್ಟರೆ ಒಂದಷ್ಟು ವರ್ಷ ತಡೆಯಬಹುದು. ಹಳೇ ಶೂಗೆ ಹೊಸ ಅಟ್ಟೆ ಕೂರಿಸುವ ಕಸುಬುದಾರರೂ ಈಗ ಇದ್ದಾರೆ. ಆದರೆ ನುರಿತ ಸಂಗ್ರಾಹಕರು ಹೇಳುವುದು ಬೇರೆ: ಆಗಾಗ ಹಾಕಿಕೊಂಡು ನಡೆದ ಶೂ, ಡಬ್ಬಿಯಲ್ಲಿ ಮುಚ್ಚಿಟ್ಟ ಶೂಗಿಂತ ಹೆಚ್ಚು ಕಾಲ ಬಾಳುತ್ತದೆ.