ಆನೆಯ ಆಯುಸ್ಸು ದಂತದಲ್ಲಿಲ್ಲ, ದವಡೆಯಲ್ಲಿದೆ

ಭಟ್ಕಳ ತಾಲೂಕಿನ ಮುರ್ಡೇಶ್ವರದಲ್ಲಿ ರಾಜಗೋಪುರದ ಬುಡಕ್ಕೆ ನಿಂತ ಕಾಂಕ್ರೀಟ್ ಆನೆಗಳನ್ನು ನೋಡುವಾಗಲೂ, ಹೊನ್ನಾವರ ತಾಲೂಕಿನ ಇಡಗುಂಜಿಯಲ್ಲಿ ಗಣಪನನ್ನು ಏಕದಂತನೆಂದು ನೆನೆಯುವಾಗಲೂ ನಮ್ಮ ಗಮನವೆಲ್ಲ ದಂತದ ಮೇಲೆಯೇ. ಭಟ್ಕಳದಿಂದ ಕುಮಟಾವರೆಗೂ, ಅದರಾಚೆಗೂ ಜನ ಸಾಕಾನೆಯ ಹಲ್ಲಿನ ಬಗ್ಗೆ ಎರಡು ತಪ್ಪು ಕಲ್ಪನೆಗಳನ್ನು ನಂಬಿದ್ದಾರೆ. ದಂತ ಕತ್ತರಿಸುವುದೆಂದರೆ ಉಗುರು ಕತ್ತರಿಸಿದಷ್ಟೇ ಎಂಬುದು ಒಂದು. ಆನೆ ಮೇವು ಬಿಟ್ಟರೆ ಅದಕ್ಕೆ ವಯಸ್ಸಾಯಿತು, ಇನ್ನು ಮಾಡುವುದೇನಿಲ್ಲ ಎಂಬುದು ಇನ್ನೊಂದು.

ದಂತ ಉಗುರೂ ಅಲ್ಲ, ಕೊಂಬೂ ಅಲ್ಲ. ಅದು ಮೇಲ್ದವಡೆಯ ಬಾಚಿಹಲ್ಲು. ಅದರ ಸುಮಾರು ಮೂರನೇ ಒಂದು ಭಾಗ ತಲೆಬುರುಡೆಯೊಳಗೇ ಹುದುಗಿರುತ್ತದೆ. ಬುಡದಿಂದ ಸಾಕಷ್ಟು ದೂರ ನರ, ರಕ್ತನಾಳಗಳಿರುವ ತಿರುಳು ಹಬ್ಬಿರುತ್ತದೆ. ಅದು ತೆರೆದುಕೊಂಡರೆ ವಿಪರೀತ ನೋವು, ಕೀವು. ಸೋಂಕು ಒಳಗಿಳಿದರೆ ಜೀವಕ್ಕೇ ಅಪಾಯ. ಹಾಗಾದರೆ ಆನೆ ಶಿಬಿರಗಳಲ್ಲಿ ದಂತ ಕತ್ತರಿಸುವುದೇಕೆ? ಉದ್ದ ಬೆಳೆದ ದಂತ ಸೊಂಡಿಲಿಗೆ ತೊಡಕಾಗುತ್ತದೆ, ಮಾವುತನಿಗೂ ಜೊತೆಯ ಆನೆಗೂ ಇರಿತದ ಭಯವಿರುತ್ತದೆ. ಆದರೆ ತೆಗೆಯಬೇಕಾದದ್ದು ತಿರುಳಿಲ್ಲದ ತುದಿಯನ್ನು ಮಾತ್ರ. ಕಣ್ಣಿನಿಂದ ದಂತ ಹೊರಬರುವ ತುಟಿಯಂಚಿನವರೆಗೆ ಅಳೆದು, ಅಷ್ಟೇ ಉದ್ದವನ್ನು ಹೊರಗೆ ಉಳಿಸಿ ಮುಂದಿನದನ್ನು ಕತ್ತರಿಸುವುದು ರೂಢಿಯ ಲೆಕ್ಕ. ತಿರುಳಿನ ಉದ್ದ ಆನೆಯಿಂದ ಆನೆಗೆ ಬದಲಾಗುವುದರಿಂದ ಪಶುವೈದ್ಯರು ಎದುರಿಗಿರಲೇಬೇಕು. ಕತ್ತರಿಸಿದ ತುಂಡಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ; ಅದನ್ನು ಮಾರುವಂತಿಲ್ಲ.

ಆದರೆ ಆನೆಯನ್ನು ಬದುಕಿಸುವುದು ಹೊರಗೆ ಕಾಣದ ದವಡೆಹಲ್ಲು. ದವಡೆಯ ಪ್ರತಿ ಬದಿಯಲ್ಲೂ ಜೀವಮಾನದಲ್ಲಿ ಆರು ಹಲ್ಲುಗಳು ಒಂದರ ನಂತರ ಒಂದು ಬರುತ್ತವೆ. ನಮ್ಮ ಹಲ್ಲಿನಂತೆ ಅವು ಬುಡದಿಂದ ಮೇಲೇಳುವುದಿಲ್ಲ. ಹಿಂದಿನಿಂದ ಬಂದ ಹೊಸತು ಸವೆದ ಹಳೆಯದನ್ನು ಮುಂದಕ್ಕೆ ತಳ್ಳುತ್ತದೆ. ಅನ್ನ, ರಾಗಿಮುದ್ದೆ, ಬೆಲ್ಲ, ಬಾಳೆಹಣ್ಣಿನಂಥ ಮೆತ್ತಗಿನ ಆಹಾರವೇ ಹೆಚ್ಚಾದರೆ ಹಲ್ಲು ಸಮನಾಗಿ ಸವೆಯುವುದಿಲ್ಲ, ಹಳೆಯ ತುಂಡು ಉದುರದೆ ಹೊಸತಕ್ಕೆ ಅಡ್ಡ ನಿಲ್ಲುತ್ತದೆ. ಆಗ ನಡುವಯಸ್ಸಿನ ಆನೆಯೂ ಮೇವಿನ ಮುಂದೆಯೇ ಸೊರಗುತ್ತದೆ. ಲದ್ದಿಯಲ್ಲಿ ಜಗಿಯದ ಉದ್ದುದ್ದ ನಾರು ಕಂಡರೆ, ಅರೆಜಗಿದ ಸೊಪ್ಪಿನ ಉಂಡೆ ಬಾಯಿಂದ ಬೀಳುತ್ತಿದ್ದರೆ ವಯಸ್ಸನ್ನು ದೂರುವ ಮೊದಲು ಬಾಯಿ ಪರೀಕ್ಷಿಸಬೇಕು.

ಕಾಡಾನೆಗೆ ಯಾವ ದಂತವೈದ್ಯ ಎಂದು ಕೇಳುವವರಿದ್ದಾರೆ. ಕಾಡಾನೆ ಬಿದಿರು, ತೊಗಟೆ, ಒರಟು ಹುಲ್ಲನ್ನು ದಿನದ ಬಹುಪಾಲು ಹೊತ್ತು ಜಗಿಯುತ್ತದೆ. ಹಲ್ಲು ಕೆಲಸದಲ್ಲೇ ಸವೆಯುತ್ತದೆ. ಸರಪಳಿಯ ಆನೆ ನಾವು ಕೊಟ್ಟದ್ದನ್ನೇ ತಿನ್ನಬೇಕು, ಹಾಗಾಗಿ ಅದರ ಬಾಯಿಯ ಹೊಣೆಯೂ ನಮ್ಮದೇ. ಆರನೆಯ ಹಲ್ಲು ಸವೆದ ಮುದಿ ಆನೆಗೂ ಸಣ್ಣಗೆ ಕತ್ತರಿಸಿದ ಮೇವು, ನೆನೆಸಿದ ಕಾಳು ಕೊಟ್ಟು ಆಯುಸ್ಸು ಹಿಗ್ಗಿಸಬಹುದು. ಘಟ್ಟ ಹತ್ತಿ ಶಿವಮೊಗ್ಗದ ಸಕ್ರೆಬೈಲು ಶಿಬಿರಕ್ಕೆ ಹೋದಾಗಲಾಗಲಿ, ದೇವಸ್ಥಾನದ ಆನೆ ಎದುರಾದಾಗಲಾಗಲಿ, ಬೆಲ್ಲ-ಬಾಳೆಹಣ್ಣು ನೀಡುವ ಪುಣ್ಯವನ್ನು ಬದಿಗಿಡಿ. ಆನೆಯ ಬಾಯಿಯನ್ನು ವೈದ್ಯರು ಕೊನೆಯ ಸಲ ನೋಡಿದ್ದು ಯಾವಾಗ ಎಂದು ಕೇಳಿ.